50 ದಾಟಿದ ಮೇಲೆ ಗೆದ್ದ 47 ಟೂರ್ನಿ: ಲ್ಯಾಂಗರ್ ಸಾಧನೆಯನ್ನು ಹೇಗೆ ಅಳೆಯಬೇಕು?

ಸಂಜೆಬಿಸಿಲು (ಚರ್ಚೆ ಆರಂಭಿಸಿದವರು)
ಗೆಳೆಯರೇ, ಒಂದು ವಿಷಯದಲ್ಲಿ ನಿಮ್ಮೆಲ್ಲರ ಅಭಿಪ್ರಾಯ ಬೇಕು. ಗಾಲ್ಫ್ ಮಾತಾಡುವಾಗ ನಾನು ಬರ್ನ್‌ಹಾರ್ಡ್ ಲ್ಯಾಂಗರ್ ಹೆಸರು ಎತ್ತಿದೆ. ಜರ್ಮನಿಯವರು, 1957ರಲ್ಲಿ ಹುಟ್ಟಿದವರು. 2007ರ ಆಗಸ್ಟ್‌ನಲ್ಲಿ 50 ತುಂಬಿತು, 50 ದಾಟಿದವರು ಆಡುವ ಅಮೆರಿಕದ ಸೀನಿಯರ್ ಟೂರ್‌ಗೆ ಬಂದರು. ಆ ವರ್ಷದಿಂದ 2024ರವರೆಗೆ ಗೆಲುವಿಲ್ಲದ ವರ್ಷವೇ ಇಲ್ಲ. ಒಟ್ಟು 47 ಟೂರ್ನಿ, ಅದರಲ್ಲಿ 12 ಸೀನಿಯರ್ ಮೇಜರ್ (ಆ ಟೂರ್‌ನ ಅತಿ ದೊಡ್ಡ ಟೂರ್ನಿಗಳು). ಕೊನೆಯದನ್ನು ಗೆದ್ದಾಗ ವಯಸ್ಸು 67. ಫೀನಿಕ್ಸ್‌ನಲ್ಲಿ ಕೊನೆಯ ಹೋಲ್‌ನಲ್ಲಿ ಸುಮಾರು 30 ಅಡಿಯ ಪಟ್ (ಚೆಂಡನ್ನು ಮೆಲ್ಲಗೆ ಹೋಲ್‌ಗೆ ಉರುಳಿಸುವ ಹೊಡೆತ) ಹಾಕಿ, ಒಂದೇ ಸ್ಟ್ರೋಕ್ (ಹೊಡೆತ) ಅಂತರದಲ್ಲಿ ಗೆದ್ದರು.

ಇದನ್ನು ಕೇಳಿ ಒಬ್ಬರು, ‘ಅದೆಲ್ಲ ನಿವೃತ್ತರ ಆಟ, ಲೆಕ್ಕಕ್ಕೆ ತಗೋಬೇಡಿ’ ಎಂದರು. ನನಗೆ ಬೇಜಾರಾಯಿತು. ಬೇರೆ ಆಟಗಳಲ್ಲಿ ಹಳೆಯ ಆಟಗಾರರು ಪ್ರದರ್ಶನ ಪಂದ್ಯ ಆಡುತ್ತಾರೆ, ನಾವು ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತೇವೆ. ಇಲ್ಲಿ ಹಾಗಲ್ಲ. ಇಲ್ಲಿ ಅರ್ಹತೆ ಗಳಿಸಬೇಕು, ಚೆನ್ನಾಗಿ ಆಡದಿದ್ದರೆ ಜಾಗ ಹೋಗುತ್ತದೆ. ನನ್ನ ಪ್ರಕಾರ ಲ್ಯಾಂಗರ್ ಅವರ ದೊಡ್ಡ ವೃತ್ತಿಜೀವನ ಶುರುವಾದದ್ದೇ 50ರ ನಂತರ. ನೀವೇನಂತೀರಿ?

ಬಂಕರ್‌ಬಂಧು
ನಿಮ್ಮ ಗೆಳೆಯರ ಮಾತು ಪೂರ್ತಿ ತಪ್ಪಲ್ಲ ಸರ್. ಸೀನಿಯರ್ ಟೂರ್‌ನ ಮಾಮೂಲಿ ಟೂರ್ನಿ ಮೂರೇ ದಿನ, 54 ಹೋಲ್. ಹೆಚ್ಚಿನ ಕಡೆ ಕಟ್ (ಹಿಂದುಳಿದವರನ್ನು ಅರ್ಧದಲ್ಲೇ ಹೊರಗೆ ಕಳಿಸುವುದು) ಇಲ್ಲ. ಮೊದಲ ದಿನ 80 ಹೊಡೆದವರೂ ಭಾನುವಾರದವರೆಗೆ ಆಡಿ ದುಡ್ಡು ತಗೊಂಡು ಹೋಗುತ್ತಾರೆ. ಆಡುವವರು 80 ಮಂದಿಯ ಆಸುಪಾಸು, ದೊಡ್ಡ ಟೂರ್‌ನಲ್ಲಿ, ಅಂದರೆ ಅಮೆರಿಕದ ಪಿಜಿಎ ಟೂರ್‌ನಲ್ಲಿ, ಎಷ್ಟೋ ಕಡೆ ಅದರ ಎರಡರಷ್ಟು ಇರುತ್ತಾರೆ. ಕೋರ್ಸ್ ಕೂಡ ಚಿಕ್ಕದು. ಮೇಲಾಗಿ ಕಾರ್ಟ್‌ನಲ್ಲಿ ಕೂತು ಓಡಾಡುತ್ತಾರೆ! ಇದನ್ನೂ ಪಿಜಿಎ ಟೂರ್ ಗೆಲುವನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುತ್ತೀರಿ?

ಮುಂಗಾರು
ಕಾರ್ಟ್ ವಿಷಯ ನನಗೂ ಇಷ್ಟ ಇಲ್ಲ. ಗಾಲ್ಫ್ ಅಂದರೆ ನಡೆಯಬೇಕು.

ಫೇರ್‌ವೇ ಫಣಿ
ಬಂಧುಗಳೇ, ಅರ್ಧ ಹೇಳಿ ಅರ್ಧ ಬಿಟ್ಟಿದ್ದೀರಿ. ಐದು ಸೀನಿಯರ್ ಮೇಜರ್‌ಗಳಿವೆ. ಅವು ನಾಲ್ಕು ದಿನ, 72 ಹೋಲ್. ಅಲ್ಲಿ ಕಾರ್ಟ್ ಇಲ್ಲ, ನಡೆದೇ ಆಡಬೇಕು. ಯುಎಸ್ ಸೀನಿಯರ್ ಓಪನ್, ಬ್ರಿಟನ್ನಿನ ಸೀನಿಯರ್ ಓಪನ್, ಸೀನಿಯರ್ ಪಿಜಿಎ ಮೂರರಲ್ಲೂ ಕಟ್ ಇದೆ. ಲ್ಯಾಂಗರ್ 12 ಗೆದ್ದಿರುವುದು ಇಂಥ ಮೇಜರ್‌ಗಳನ್ನೇ.

2014ರಲ್ಲಿ ವೇಲ್ಸ್‌ನ ರಾಯಲ್ ಪೋರ್ತ್‌ಕಾಲ್‌ನಲ್ಲಿ ಸೀನಿಯರ್ ಓಪನ್ ಗೆದ್ದರು. ಅಂತರ ಎಷ್ಟು ಗೊತ್ತಾ? 13 ಸ್ಟ್ರೋಕ್! ಎರಡನೇ ಸ್ಥಾನದಲ್ಲಿದ್ದವರು ಕಾಲಿನ್ ಮಾಂಟ್‌ಗೊಮೆರಿ, ಯುರೋಪಿಯನ್ ಟೂರ್‌ನಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿದ್ದ ಆಟಗಾರ. ನಿವೃತ್ತರ ಆಟವೇ ಆಗಿದ್ದರೆ ಬೇರೆ ಯಾರೂ ಅಷ್ಟು ಅಂತರದಲ್ಲಿ ಯಾಕೆ ಗೆಲ್ಲಲಿಲ್ಲ?

ಇನ್ನೊಂದು. 2020ರ ಮಾಸ್ಟರ್ಸ್ (ಅಗಸ್ಟಾ ನ್ಯಾಷನಲ್ ಕೋರ್ಸ್‌ನಲ್ಲಿ ನಡೆಯುವ ಮೇಜರ್) ನವೆಂಬರ್‌ನಲ್ಲಿ ನಡೆಯಿತು. ಕೊನೆಯ ದಿನ ಲ್ಯಾಂಗರ್ ಜೊತೆ ಆಡಿದವರು ಬ್ರೈಸನ್ ಡಿಶಾಂಬೊ, ಎರಡು ತಿಂಗಳ ಹಿಂದಷ್ಟೇ ಯುಎಸ್ ಓಪನ್ ಗೆದ್ದಿದ್ದವರು. ಪ್ರತಿ ಹೋಲ್‌ನ ಮೊದಲ ಹೊಡೆತದಲ್ಲಿ ಡಿಶಾಂಬೊ ಚೆಂಡು ಲ್ಯಾಂಗರ್ ಚೆಂಡಿಗಿಂತ ಬಹಳ ಮುಂದೆ ಬೀಳುತ್ತಿತ್ತು. ಆದರೂ ಲ್ಯಾಂಗರ್ 71 ಹೊಡೆತ, ಡಿಶಾಂಬೊ 73; ಕಡಿಮೆ ಹೊಡೆದವರೇ ಮುಂದೆ. ಒಟ್ಟು ಸ್ಕೋರಿನಲ್ಲೂ 63 ವರ್ಷದ ಲ್ಯಾಂಗರ್ ಒಂದು ಸ್ಟ್ರೋಕ್ ಮುಂದೆ. ಅದು ಸೀನಿಯರ್ ಕೋರ್ಸ್ ಅಲ್ಲ, ಅಗಸ್ಟಾ!

ಬಂಕರ್‌ಬಂಧು
ಅಗಸ್ಟಾ ಅವರಿಗೆ ಅಂಗೈ ಗೆರೆಯಷ್ಟು ಪರಿಚಯ. 1985, 1993 ಎರಡೂ ಸಲ ಅಲ್ಲೇ ಗೆದ್ದವರು. ಒಂದು ದಿನದ ಸ್ಕೋರ್ ಹಿಡಿದು ಮಾತಾಡುವುದು ಬೇಡ. ನನ್ನ ಪ್ರಶ್ನೆ ಬೇರೆ. ಪಿಜಿಎ ಟೂರ್‌ನಲ್ಲಿ ಅವರ ಒಟ್ಟು ಗೆಲುವು ಮೂರು. ಮೂರು ಗೆದ್ದವರು ಸೀನಿಯರ್ ಟೂರ್‌ನಲ್ಲಿ 47 ಗೆಲ್ಲುತ್ತಾರೆ ಅಂದರೆ ಅಲ್ಲಿ ಎದುರಾಳಿಗಳು ದುರ್ಬಲ ಅಂತಲೇ ಅಲ್ವಾ?

ಫೇರ್‌ವೇ ಫಣಿ
ಯುರೋಪಿಯನ್ ಟೂರ್‌ನಲ್ಲಿ 42 ಗೆಲುವು ಇದೆ ಸ್ವಾಮಿ! ಸೆವೆ ಬಾಲೆಸ್ಟೆರೋಸ್ ಅವರ 50 ಬಿಟ್ಟರೆ ಅದೇ ಜಾಸ್ತಿ. 1986ರಲ್ಲಿ ವಿಶ್ವ ರ‍್ಯಾಂಕಿಂಗ್ ಶುರುವಾದಾಗ ಮೊಟ್ಟಮೊದಲ ನಂಬರ್ ಒನ್ ಯಾರು? ಇದೇ ಲ್ಯಾಂಗರ್. ಅಮೆರಿಕದಲ್ಲಿ ಗೆದ್ದರೆ ಮಾತ್ರ ಗೆಲುವು ಅನ್ನುವ ಲೆಕ್ಕ ಯಾಕೆ?

ಹಳೇಕಿಟ್
ಸೀನಿಯರ್ ಟೂರ್ ಹೇಗೆ ಹುಟ್ಟಿತು ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ. ಹೊಸಬರಿಗೆ ಉಪಯೋಗ ಆಗಬಹುದು.

1978ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಲೆಜೆಂಡ್ಸ್ ಆಫ್ ಗಾಲ್ಫ್ ಎಂಬ ಟೂರ್ನಿ ಶುರುವಾಯಿತು. ಹಳೆಯ ದಿಗ್ಗಜರು ಇಬ್ಬಿಬ್ಬರ ಜೋಡಿಯಾಗಿ ಆಡಿದರು. ಟಿವಿಯಲ್ಲಿ ಜನ ಮುಗಿಬಿದ್ದು ನೋಡಿದರು. ಮರುವರ್ಷ ಅದೇ ಟೂರ್ನಿ ಆರು ಹೋಲ್ ಪ್ಲೇಆಫ್‌ಗೆ (ಸಮಬಲ ಆದಾಗ ಆಡುವ ಹೆಚ್ಚುವರಿ ಹೋಲ್‌ಗಳು) ಹೋಯಿತು. ಒಂದು ಕಡೆ ರಾಬರ್ಟೊ ಡಿ ವಿಸೆಂಜೊ ಮತ್ತು ಜೂಲಿಯಸ್ ಬೋರೋಸ್, ಇನ್ನೊಂದು ಕಡೆ ಟಾಮಿ ಬೋಲ್ಟ್ ಮತ್ತು ಆರ್ಟ್ ವಾಲ್. ಒಬ್ಬರು ಬರ್ಡಿ (ನಿಗದಿತ ಹೊಡೆತಕ್ಕಿಂತ ಒಂದು ಕಡಿಮೆ) ಹಾಕಿದರೆ ಇನ್ನೊಬ್ಬರೂ ಬರ್ಡಿ. ವಯಸ್ಸಾದವರ ಆಟವನ್ನೂ ಜನ ಕೂತು ನೋಡುತ್ತಾರೆ ಅಂತ ಆಗ ಗೊತ್ತಾಯಿತು. 1980ರಲ್ಲಿ ಸೀನಿಯರ್ ಟೂರ್ ಬಂತು. ಮೊದಲ ಟೂರ್ನಿ ಅಟ್ಲಾಂಟಿಕ್ ಸಿಟಿಯಲ್ಲಿ, ಗೆದ್ದವರು ಡಾನ್ ಜನ್ಯುವರಿ.

ಅದೇ ವರ್ಷ ಯುಎಸ್ ಸೀನಿಯರ್ ಓಪನ್ ಕೂಡ ಶುರುವಾಯಿತು. ಆಗ ವಯಸ್ಸಿನ ಮಿತಿ 55. ಮರುವರ್ಷವೇ 50ಕ್ಕೆ ಇಳಿಸಿದರು. 1981ರಲ್ಲಿ ಗೆದ್ದವರು ಆರ್ನಾಲ್ಡ್ ಪಾಮರ್.

ಮುಂಗಾರು
ಅಂದರೆ ಪಾಮರ್‌ಗೋಸ್ಕರ ನಿಯಮ ಬದಲಾಯಿಸಿದರಾ?

ಹಳೇಕಿಟ್
ಪಾಮರ್‌ಗೆ 50 ತುಂಬಿದ್ದು 1979ರ ಸೆಪ್ಟೆಂಬರ್‌ನಲ್ಲಿ. ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೀವೇ ನೋಡಿ. ಟೂರ್ ಬೆಳೆದದ್ದು ಅವರಿಂದ. ಪಾಮರ್ ಇಲ್ಲದಿದ್ದರೆ ಪ್ರಾಯೋಜಕರು ಅಷ್ಟು ಬೇಗ ಬರುತ್ತಿರಲಿಲ್ಲ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ದುಡ್ಡಿನ ವಿಷಯ ಕೇಳಿದರೆ ಇನ್ನೂ ಆಶ್ಚರ್ಯ ಆಗುತ್ತದೆ. 1990ರಲ್ಲಿ ಲೀ ಟ್ರೆವಿನೊ ಸೀನಿಯರ್ ಟೂರ್‌ನಲ್ಲಿ ಏಳು ಟೂರ್ನಿ ಗೆದ್ದು ಸುಮಾರು 11.9 ಲಕ್ಷ ಡಾಲರ್ ಗಳಿಸಿದರು. ಆ ವರ್ಷ ದೊಡ್ಡ ಟೂರ್‌ನಲ್ಲಿ ಅತಿ ಹೆಚ್ಚು ಗಳಿಸಿದ ಗ್ರೆಗ್ ನಾರ್ಮನ್ ಅವರಿಗೆ ಸಿಕ್ಕಿದ್ದು ಸುಮಾರು 11.65 ಲಕ್ಷ. 50 ದಾಟಿದವರು ಯುವಕರನ್ನು ಹಿಂದೆ ಹಾಕಿದರು!

ಗ್ರೀನ್‌ಫೀ
ಈಗ ಆ ಲೆಕ್ಕ ಎಲ್ಲಿಂದ ಬರಬೇಕು. ಸೀನಿಯರ್ ಟೂರ್‌ನಲ್ಲಿ 20 ಲಕ್ಷ ಡಾಲರ್ ಬಹುಮಾನ ನಿಧಿ ಇದ್ದರೆ ಗೆದ್ದವರಿಗೆ 3 ಲಕ್ಷ. ಪಿಜಿಎ ಟೂರ್‌ನ 2 ಕೋಟಿ ಡಾಲರ್ ಟೂರ್ನಿಗಳಲ್ಲಿ ಗೆದ್ದವರಿಗೆ 36 ಲಕ್ಷ ಅಥವಾ 40 ಲಕ್ಷ. ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಆದರೂ ಅಲ್ಲಿ ಜಾಗಕ್ಕೆ ಎಷ್ಟು ಪೈಪೋಟಿ ನೋಡಿ. ಅರ್ಹತಾ ಸುತ್ತಿನಲ್ಲಿ ಪೂರ್ಣ ಕಾರ್ಡ್ (ವರ್ಷವಿಡೀ ಆಡುವ ಹಕ್ಕು) ಸಿಗುವುದು ಐದೇ ಜನಕ್ಕೆ.

ಮಲ್ಲಿಗೆಪುಟ
ನಾನು ಬೇರೆ ಕಡೆಯಿಂದ ಬರುತ್ತೇನೆ. ಎಲ್ಲರೂ ‘ಎರಡನೇ ಇನಿಂಗ್ಸ್’ ಅನ್ನುತ್ತಾರೆ. ಮೊದಲ ಇನಿಂಗ್ಸ್ ಆಡಲು ಬಿಡದೇ ಇದ್ದವರೂ ಇದ್ದರು ಅನ್ನುವುದನ್ನು ಯಾರೂ ಹೇಳುತ್ತಿಲ್ಲ.

ಚಾರ್ಲಿ ಸಿಫರ್ಡ್ ಹುಟ್ಟಿದ್ದು 1922ರಲ್ಲಿ. ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ನಿಯಮವನ್ನು ಪಿಜಿಎ ತೆಗೆದದ್ದು 1961ರಲ್ಲಿ. ಆಗ ಅವರಿಗೆ 39. ಆಟಗಾರನ ಒಳ್ಳೆಯ ವರ್ಷಗಳೆಲ್ಲ ಹೋಗಿಬಿಟ್ಟಿದ್ದವು. ಆದರೂ 1967ರಲ್ಲಿ ಹಾರ್ಟ್‌ಫರ್ಡ್, 1969ರಲ್ಲಿ ಲಾಸ್ ಏಂಜಲೀಸ್ ಓಪನ್ ಗೆದ್ದರು. 1980ರಲ್ಲಿ ಸೀನಿಯರ್ ಟೂರ್ ಶುರುವಾದ ವರ್ಷವೇ ಒಂದು ಟೂರ್ನಿ ಗೆದ್ದರು, 58ನೇ ವಯಸ್ಸಿನಲ್ಲಿ. ಲೀ ಎಲ್ಡರ್, 1975ರಲ್ಲಿ ಮಾಸ್ಟರ್ಸ್ ಆಡಿದ ಮೊದಲ ಕಪ್ಪು ಆಟಗಾರ. ಸೀನಿಯರ್ ಟೂರ್‌ನಲ್ಲಿ ಎಂಟು ಗೆಲುವು. ಜಿಮ್ ಡೆಂಟ್ ಅಗಸ್ಟಾ ಊರಿನವರು, ಹುಡುಗನಾಗಿದ್ದಾಗ ಅಗಸ್ಟಾ ನ್ಯಾಷನಲ್‌ನಲ್ಲಿ ಕ್ಯಾಡಿ (ಆಟಗಾರರ ಚೀಲ ಹೊರುವವರು) ಕೆಲಸ ಮಾಡಿದವರು. ಪಿಜಿಎ ಟೂರ್‌ನಲ್ಲಿ ಒಂದೂ ಗೆಲುವಿಲ್ಲ, ಸೀನಿಯರ್ ಟೂರ್‌ನಲ್ಲಿ 12.

ಇವರ ಗೆಲುವನ್ನೂ ‘ಲೆಕ್ಕಕ್ಕಿಲ್ಲ’ ಅನ್ನಲು ಬಾಯಿ ಬರುತ್ತದಾ?

ಬಂಕರ್‌ಬಂಧು
ಮೇಡಂ, ಅವರ ವಿಷಯದಲ್ಲಿ ನನ್ನ ತಕರಾರಿಲ್ಲ. ಸಿಫರ್ಡ್ ಮೇಲೆ ನನಗೆ ತುಂಬ ಗೌರವ ಇದೆ. ನಾನು ಹೇಳುತ್ತಿರುವುದು ಆಟದ ಮಟ್ಟದ ಬಗ್ಗೆ ಮಾತ್ರ.

ಸಂಜೆಬಿಸಿಲು
ಮಲ್ಲಿಗೆಪುಟ ಅವರೇ, ಡೆಂಟ್ ಅವರ ಹೆಸರು ಮಾತ್ರ ಕೇಳಿದ್ದೆ. ಈ ಹಿನ್ನೆಲೆ ಬರೆದಿದ್ದಕ್ಕೆ ಧನ್ಯವಾದ.

ಮಂಡೇಕ್ವಾಲಿ
ಆಟದ ಮಟ್ಟ ನೋಡಬೇಕಾದರೆ ಸ್ಟೀವನ್ ಆಲ್ಕರ್ ಕಥೆ ನೋಡಿ. ನನಗೆ ಲ್ಯಾಂಗರ್‌ಗಿಂತ ಇವರೇ ಇಷ್ಟ.

ನ್ಯೂಜಿಲೆಂಡ್ ಆಟಗಾರ. 50 ತುಂಬುವವರೆಗೆ ಊರೂರು ಅಲೆದವರು. ಪಿಜಿಎ ಟೂರ್‌ನಲ್ಲಿ ಒಂದೂ ಗೆಲುವಿಲ್ಲ. ಅದರ ಕೆಳಗಿನ ಟೂರ್‌ನಲ್ಲಿ ನಾಲ್ಕು ಗೆಲುವು. ಅದರಲ್ಲಿ ಒಂದು 2014ರ ಕ್ಲೀವ್‌ಲ್ಯಾಂಡ್ ಓಪನ್. ಪ್ಲೇಆಫ್ 11 ಹೋಲ್ ನಡೆಯಿತು! ಆ ಟೂರ್‌ನ ಚರಿತ್ರೆಯಲ್ಲೇ ಅತಿ ಉದ್ದದ್ದು. 2021ರ ಜುಲೈನಲ್ಲಿ 50 ತುಂಬಿತು. ಸೀನಿಯರ್ ಟೂರ್‌ನಲ್ಲಿ ಕಾರ್ಡ್ ಇಲ್ಲ, ಆಹ್ವಾನ ಇಲ್ಲ. ಆಗಸ್ಟ್‌ನಲ್ಲಿ ಸೋಮವಾರದ ಅರ್ಹತಾ ಸುತ್ತು ಆಡಿ ಬೋಯಿಂಗ್ ಕ್ಲಾಸಿಕ್‌ಗೆ ನುಗ್ಗಿದರು. ಟಾಪ್ 10ರಲ್ಲಿ ಮುಗಿಸಿದರೆ ಮುಂದಿನ ವಾರದ ಟೂರ್ನಿಗೆ ಜಾಗ ಸಿಗುತ್ತದೆ. ಹಾಗೇ ವಾರದಿಂದ ವಾರಕ್ಕೆ ಜಾಗ ಉಳಿಸಿಕೊಳ್ಳುತ್ತ ಹೋದರು. ನವೆಂಬರ್‌ನಲ್ಲಿ ಮೊದಲ ಗೆಲುವು. 2022ರಲ್ಲಿ ನಾಲ್ಕು ಗೆಲುವು, ಸೀನಿಯರ್ ಪಿಜಿಎ ಕೂಡ ಅದರಲ್ಲಿ ಸೇರಿದೆ. ಆ ವರ್ಷದ ಷ್ವಾಬ್ ಕಪ್ (ಸೀನಿಯರ್ ಟೂರ್‌ನ ಇಡೀ ವರ್ಷದ ಪ್ರಶಸ್ತಿ) ಅವರದೇ, 2024ರದ್ದೂ ಅವರದೇ. 2022ರ ಒಂದೇ ವರ್ಷದಲ್ಲಿ 30 ಲಕ್ಷ ಡಾಲರ್‌ಗೂ ಜಾಸ್ತಿ ಗಳಿಸಿದರು.

ಇಷ್ಟು ವರ್ಷ ಬಿಡದೆ ಆಡಿದ ಮನುಷ್ಯನಿಗೆ 50ಕ್ಕೆ ಬಾಗಿಲು ತೆರೆಯಿತು. ನಿವೃತ್ತರ ಆಟ ಅನ್ನುವವರು ಆ ಸೋಮವಾರದ ಸುತ್ತು ಹೇಗಿರುತ್ತದೆ ನೋಡಲಿ. ಬೆರಳೆಣಿಕೆಯ ಜಾಗ, ಹತ್ತಾರು ಆಟಗಾರರು, ಒಂದೇ ದಿನ. ಒಂದು ಪಟ್ ತಪ್ಪಿದರೆ ವಾರವೇ ಹೋಯಿತು.

ಹಳೇಕಿಟ್
ಆಲ್ಕರ್‌ಗಿಂತ ಮುಂಚೆಯೂ ಇಂಥವರಿದ್ದರು. ವಾಲ್ಟ್ ಜೆಂಬ್ರಿಸ್ಕಿ ಎತ್ತರದ ಕಟ್ಟಡಗಳ ಉಕ್ಕಿನ ಚೌಕಟ್ಟಿನ ಮೇಲೆ ಕೆಲಸ ಮಾಡಿದವರು, ಸೀನಿಯರ್ ಟೂರ್‌ನಲ್ಲಿ ಗೆದ್ದರು. ಲ್ಯಾರಿ ಲಾವೊರೆಟಿ ಕ್ಲಬ್‌ಗಳಲ್ಲಿ ಗಾಲ್ಫ್ ಕಲಿಸುತ್ತಿದ್ದವರು, ಬಾಯಲ್ಲಿ ಯಾವಾಗಲೂ ಸಿಗಾರ್. 1992ರ ಯುಎಸ್ ಸೀನಿಯರ್ ಓಪನ್ ಚಾಂಪಿಯನ್. ರಾಬರ್ಟ್ ಲ್ಯಾಂಡರ್ಸ್ ಅಂತೂ ಟೆಕ್ಸಸ್‌ನ ರೈತ. ತನ್ನ ಹುಲ್ಲುಗಾವಲಿನಲ್ಲಿ, ದನಗಳ ನಡುವೆ ಅಭ್ಯಾಸ ಮಾಡುತ್ತಿದ್ದ. ಅರ್ಹತಾ ಸುತ್ತು ದಾಟಿ 1995ರಲ್ಲಿ ಟೂರ್‌ಗೆ ಬಂದ.

ಬಂಕರ್‌ಬಂಧು
ನೋಡಿ, ನನ್ನ ಮಾತನ್ನೇ ನೀವು ಸಾಬೀತು ಮಾಡಿದಿರಿ. ದನ ಕಾಯುವವರೂ ಬರಬಹುದಾದ ಟೂರ್ ಎಂಥ ಟೂರ್?

ಮಂಡೇಕ್ವಾಲಿ
ಬಂದರು ನಿಜ, ಆದರೆ ಗೆಲ್ಲಲಿಲ್ಲ. ಒಂದು ಟೂರ್ನಿಯೂ ಗೆಲ್ಲಲಿಲ್ಲ. ಬಾಗಿಲು ಎಲ್ಲರಿಗೂ ತೆರೆದಿರಬೇಕು, ಒಳಗೆ ಉಳಿಯುವುದು ಕಷ್ಟ ಆಗಿರಬೇಕು. ಸೀನಿಯರ್ ಟೂರ್ ಹಾಗೇ ಇದೆ. ಇದರಲ್ಲಿ ತಪ್ಪೇನು?

ದೂರ್ವೆ
👏 ರೈತ ಅಂದ ಮಾತ್ರಕ್ಕೆ ಯಾಕೆ ಕೀಳಾಗಿ ನೋಡುವುದು?

ಬಂಕರ್‌ಬಂಧು
ಕೀಳಾಗಿ ನೋಡಿಲ್ಲ. ಬೇರೆ ಕೆಲಸ ಮಾಡಿಕೊಂಡು ಬಿಡುವಿನಲ್ಲಿ ಆಡಿದವರು ಅರ್ಹತೆ ಗಳಿಸಬಹುದಾದರೆ ಮಟ್ಟ ಎಷ್ಟು ಅಂತ ಕೇಳಿದೆ, ಅಷ್ಟೇ.

ನಡುಗುವಕೈ
ಎಲ್ಲರೂ ದೂರ, ದುಡ್ಡು ಅಂತ ಮಾತಾಡುತ್ತಿದ್ದೀರಿ. ವಯಸ್ಸಾದ ಗಾಲ್ಫರ್‌ನ ದೊಡ್ಡ ಶತ್ರು ಮೂರು ಅಡಿಯ ಪಟ್. ನಾನು ಆಡುವವನು, ಅದಕ್ಕೇ ಹೇಳುತ್ತಿದ್ದೇನೆ. ಯಿಪ್ಸ್ ಬಂದವರಿಗೆ ಮಾತ್ರ ಅದು ಗೊತ್ತು. ಚೆಂಡು ಮುಂದಿದೆ, ಹೋಲ್ ಎದುರಿಗಿದೆ, ಎಷ್ಟು ಮೆಲ್ಲಗೆ ತಳ್ಳಬೇಕು ಅಂತಲೂ ಗೊತ್ತು. ಕೈ ಮಾತ್ರ ನಮ್ಮದಲ್ಲ. ಪಟರ್ (ಪಟ್ ಮಾಡುವ ಕೋಲು) ಹಿಂದೆ ಹೋಗಿ ಮುಂದೆ ಬರುವಾಗ ಬಲಗೈ ಒಂದು ಸಲ ಜಿಗಿಯುತ್ತದೆ. ಚೆಂಡು ಎಲ್ಲಿಗೋ ಹೋಗುತ್ತದೆ. ಪಕ್ಕದಲ್ಲಿ ನಿಂತವರು ಬೇರೆ ಕಡೆ ನೋಡುತ್ತಾರೆ. ಅದು ಇನ್ನೂ ನೋವು.

ಲ್ಯಾಂಗರ್‌ಗೆ ಇದು ಒಂದು ಸಲ ಅಲ್ಲ, ಹಲವು ಸಲ ಬಂತು. ಮೊದಲು ಬಂದಾಗ ಇನ್ನೂ ಚಿಕ್ಕ ಹುಡುಗ. ಎಡಗೈ ಕೆಳಗೆ, ಬಲಗೈ ಮೇಲೆ ಮಾಡಿದರು. ಮತ್ತೆ ಬಂತು. ಎಡಗೈಯನ್ನು ಶಾಫ್ಟ್‌ನಲ್ಲಿ (ಪಟರ್‌ನ ದಂಡ) ಕೆಳಗೆ ಹಿಡಿದು, ಬಲಗೈಯಿಂದ ಶಾಫ್ಟ್ ಮತ್ತು ಎಡ ಮುಂಗೈ ಎರಡನ್ನೂ ಒಟ್ಟಿಗೆ ಅದುಮಿ ಹಿಡಿದರು. ನೋಡಲು ವಿಚಿತ್ರ. ಜನ ನಕ್ಕರು. ಅದೇ ಹಿಡಿತದಲ್ಲಿ 1993ರ ಮಾಸ್ಟರ್ಸ್ ಗೆದ್ದರು. ಮತ್ತೆ ಬಂತು. 90ರ ದಶಕದ ಕೊನೆಗೆ ಉದ್ದ ಪಟರ್ ಹಿಡಿದರು.

ನಮ್ಮಂಥವರು ಒಂದು ಸಲ ಬಂದರೆ ಆಟವನ್ನೇ ಬಿಡುತ್ತೇವೆ. ಅವರು ಪ್ರತಿ ಸಲವೂ ಹೊಸ ದಾರಿ ಹುಡುಕಿದರು. 47ಕ್ಕಿಂತ ನನಗೆ ಇದು ದೊಡ್ಡದು.

ರೂಲ್‌ಬುಕ್
ಉದ್ದ ಪಟರ್ ಮಾತು ಬಂತಲ್ಲ, ಇದನ್ನೂ ಕೇಳಿಬಿಡುತ್ತೇನೆ. 2016ರ ಜನವರಿ 1ರಿಂದ ಪಟರ್ ತುದಿಯನ್ನು ಎದೆಗೋ ಹೊಟ್ಟೆಗೋ ಊರಿಕೊಂಡು ಪಟ್ ಮಾಡುವುದು ನಿಷೇಧ. ಬಹಳ ಜನ ಉದ್ದ ಪಟರ್ ಬಿಟ್ಟರು. ಲ್ಯಾಂಗರ್ ಬಿಡಲಿಲ್ಲ. ಟಿವಿಯಲ್ಲಿ ನೋಡಿದರೆ ಕೈ ಎದೆಗೆ ಅಂಟಿಕೊಂಡ ಹಾಗೇ ಕಾಣುತ್ತದೆ. ಇದು ನ್ಯಾಯವಾ?

ಬಂಕರ್‌ಬಂಧು
ಇದನ್ನೇ ನಾನೂ ಕೇಳಬೇಕು ಅಂತಿದ್ದೆ.

ಫೇರ್‌ವೇ ಫಣಿ
2017ರಲ್ಲಿ ಈ ಗಲಾಟೆ ದೊಡ್ಡದಾಗಿ ಆಯಿತು. ಲ್ಯಾಂಗರ್ ಜೊತೆ ಸ್ಕಾಟ್ ಮೆಕ್ಯಾರನ್ ಹೆಸರೂ ಬಂತು. ನಿಯಮ ಮಾಡುವ ಯುಎಸ್‌ಜಿಎ ಇಬ್ಬರ ಪರವಾಗಿಯೇ ನಿಂತಿತು. ಬಟ್ಟೆಗೆ ಕೈ ತಾಗಿದ ಮಾತ್ರಕ್ಕೆ ತಪ್ಪಲ್ಲ. ಬೇಕೆಂದೇ ಊರಿಕೊಂಡರೆ ಮಾತ್ರ ತಪ್ಪು.

ರೂಲ್‌ಬುಕ್
ಅದೇ ನನ್ನ ಸಮಸ್ಯೆ. ‘ಬೇಕೆಂದೇ’ ಅನ್ನುವುದನ್ನು ಹೊರಗಿನವರು ಹೇಗೆ ನೋಡುತ್ತಾರೆ? ಆಟಗಾರನ ಮಾತನ್ನು ನಂಬಬೇಕು, ಅಷ್ಟೇ. ನಿಯಮ ಅಂದರೆ ಕಣ್ಣಿಗೆ ಕಾಣುವ ಹಾಗಿರಬೇಕು. ಕೈಗೂ ಎದೆಗೂ ಇಂತಿಷ್ಟು ಅಂತರ ಇರಲಿ ಅಂತ ಬರೆದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ನಾನು ಲ್ಯಾಂಗರ್ ಮೋಸ ಮಾಡಿದರು ಅನ್ನುತ್ತಿಲ್ಲ. ನಿಯಮ ಕಳಪೆ ಅನ್ನುತ್ತಿದ್ದೇನೆ.

ನಡುಗುವಕೈ
ಗಾಲ್ಫ್‌ನಲ್ಲಿ ಎಲ್ಲವೂ ಆಟಗಾರನ ಮಾತಿನ ಮೇಲೇ ನಿಂತಿದೆ ಸರ್. ಪೊದೆಯೊಳಗೆ ಚೆಂಡು ಅಲುಗಿತು ಅಂತ ಆಟಗಾರನೇ ಹೇಳಿ ತನಗೆ ತಾನೇ ಪೆನಾಲ್ಟಿ ಹಾಕಿಕೊಳ್ಳುತ್ತಾನೆ. ಅದನ್ನು ನಂಬುತ್ತೀರಿ, ಇದನ್ನು ಯಾಕೆ ನಂಬುವುದಿಲ್ಲ?

ರೂಲ್‌ಬುಕ್
ಚೆಂಡು ಅಲುಗಿದ್ದು ಒಂದು ಘಟನೆ. ಇದು ಪ್ರತಿ ಪಟ್‌ನಲ್ಲೂ ಇರುವುದು. ಎರಡೂ ಒಂದೇ ಅಲ್ಲ. ಇರಲಿ, ನಾವಿಬ್ಬರೂ ಒಪ್ಪುವುದಿಲ್ಲ ಅನಿಸುತ್ತದೆ.

ಕಿಯಾವಾ
ಹೇಲ್ ಇರ್ವಿನ್ ಹೆಸರು ಇನ್ನೂ ಬಂದಿಲ್ಲವಲ್ಲ! ಲ್ಯಾಂಗರ್ ಮುರಿದಿದ್ದು ಅವರ ದಾಖಲೆಯನ್ನೇ. ಇರ್ವಿನ್ ಸೀನಿಯರ್ ಟೂರ್‌ನಲ್ಲಿ 45 ಗೆದ್ದಿದ್ದರು. 1997ರ ಒಂದೇ ವರ್ಷ ಒಂಬತ್ತು.

ಇಬ್ಬರ ನಡುವೆ ಹಳೆಯ ಒಂದು ಲೆಕ್ಕ ಇದೆ. 1991ರ ರೈಡರ್ ಕಪ್ (ಅಮೆರಿಕ ಮತ್ತು ಯುರೋಪ್ ತಂಡಗಳ ಪೈಪೋಟಿ), ಕಿಯಾವಾ ದ್ವೀಪ. ಕೊನೆಯ ದಿನ, ಕೊನೆಯ ಜೋಡಿ, ಕೊನೆಯ ಹೋಲ್. ಲ್ಯಾಂಗರ್ ಎದುರು ಇರ್ವಿನ್. ಲ್ಯಾಂಗರ್ ಆರು ಅಡಿಯ ಪಟ್ ಹಾಕಿದರೆ ಕಪ್ ಯುರೋಪಿನಲ್ಲೇ ಉಳಿಯುತ್ತದೆ. ಪಟ್ ತಪ್ಪಿತು. ಅಮೆರಿಕ 14½–13½ರಿಂದ ಗೆದ್ದಿತು. ಅಂಥ ಸೋಲಿನ ನಂತರ ಎಷ್ಟೋ ಜನ ಕುಗ್ಗಿಹೋಗುತ್ತಾರೆ. ಲ್ಯಾಂಗರ್ ಮುಂದಿನ ವಾರವೇ ಜರ್ಮನ್ ಮಾಸ್ಟರ್ಸ್ ಆಡಿದರು. ಪ್ಲೇಆಫ್‌ಗೆ ಹೋಗಲು ಕೊನೆಯ ಹೋಲ್‌ನಲ್ಲಿ ಒಂದು ಪಟ್ ಬೀಳಲೇಬೇಕಿತ್ತು. ಹಾಕಿದರು, ಗೆದ್ದರು.

2023ರ ಫೆಬ್ರವರಿಯಲ್ಲಿ ಚಬ್ ಕ್ಲಾಸಿಕ್ ಗೆದ್ದು 45 ಮುಟ್ಟಿದರು. ಜುಲೈನಲ್ಲಿ ವಿಸ್ಕಾನ್ಸಿನ್‌ನ ಸೆಂಟ್ರಿವರ್ಲ್ಡ್‌ನಲ್ಲಿ ಯುಎಸ್ ಸೀನಿಯರ್ ಓಪನ್ ಗೆದ್ದು 46. ಆಗ ವಯಸ್ಸು 65.

ಫೇರ್‌ವೇ ಫಣಿ
ಆ ಟೂರ್ನಿಯಲ್ಲಿ ಎರಡನೆಯವರು ಸ್ಟೀವ್ ಸ್ಟ್ರಿಕರ್. ವಿಸ್ಕಾನ್ಸಿನ್ ಅವರ ತವರು ರಾಜ್ಯ, ಜನರೆಲ್ಲ ಅವರ ಕಡೆ. ಆಗ ಅವರಿಗೆ 56. ಆ ವರ್ಷ ಐದು ಸೀನಿಯರ್ ಮೇಜರ್‌ಗಳಲ್ಲಿ ಮೂರು ಗೆದ್ದವರು. ಅಂಥವರನ್ನು ಅವರ ಊರಿನಲ್ಲೇ, ನಾಲ್ಕು ದಿನ ನಡೆದು, ಒಂಬತ್ತು ವರ್ಷ ದೊಡ್ಡವರು ಸೋಲಿಸಿದರು. ಬಂಧುಗಳೇ, ಇದಕ್ಕೇನಂತೀರಿ?

ಬಂಕರ್‌ಬಂಧು
ಇದು ದೊಡ್ಡ ಗೆಲುವು. ಒಪ್ಪಿದೆ. 46ನೆಯದು ಲೆಕ್ಕಕ್ಕಿದೆ. 54 ಹೋಲ್‌ಗಳವನ್ನು ಇನ್ನೂ ಒಪ್ಪಿಲ್ಲ.

ದೂರ್ವೆ
ನಮ್ಮವರು ಯಾರೂ ಇಲ್ವಾ ಸೀನಿಯರ್ ಟೂರ್‌ನಲ್ಲಿ?

ಮಂಡೇಕ್ವಾಲಿ
ಇದ್ದಾರೆ. ಜೀವ್ ಮಿಲ್ಖಾ ಸಿಂಗ್‌ಗೆ 2021ರ ಡಿಸೆಂಬರ್‌ನಲ್ಲಿ 50 ಆಯಿತು, ಆಮೇಲೆ ಸೀನಿಯರ್ ಗಾಲ್ಫ್ ಆಡುತ್ತಿದ್ದಾರೆ. ಮಾಸ್ಟರ್ಸ್ ಆಡಿದ ಮೊದಲ ಭಾರತೀಯ ಅವರು, 2007ರಲ್ಲಿ. ಅರ್ಜುನ್ ಅಟ್ವಾಲ್ ಅವರಿಗೆ 2023ರಲ್ಲಿ 50 ತುಂಬಿತು, ಅವರೂ ಅಮೆರಿಕದ ಸೀನಿಯರ್ ಟೂರ್‌ಗೆ ಹೋದರು. ಅಟ್ವಾಲ್ 2010ರಲ್ಲಿ ವಿಂಡಮ್ ಚಾಂಪಿಯನ್‌ಶಿಪ್ ಗೆದ್ದದ್ದು ಸೋಮವಾರದ ಅರ್ಹತಾ ಸುತ್ತಿನಿಂದ ಬಂದು! ಪಿಜಿಎ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯ ಅವರೇ. ನನ್ನ ಹೆಸರು ಯಾಕೆ ಹೀಗಿದೆ ಅಂತ ಈಗ ಗೊತ್ತಾಯಿತಲ್ಲ.

ಹಳೇಕಿಟ್
ಭಾರತದ ಮಾತು ಬಂತು ಅಂತ ಹೇಳುತ್ತೇನೆ. ಪೀಟರ್ ಥಾಮ್ಸನ್, ಐದು ಸಲ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯಾದವರು. 1964ರ ಮೊದಲ ಇಂಡಿಯನ್ ಓಪನ್ ಚಾಂಪಿಯನ್ ಅವರೇ. 1985ರಲ್ಲಿ ಸೀನಿಯರ್ ಟೂರ್‌ನಲ್ಲಿ ಒಂಬತ್ತು ಗೆದ್ದರು. ಇರ್ವಿನ್ 1997ರಲ್ಲಿ ಸರಿಗಟ್ಟಿದ್ದು ಅದನ್ನೇ.

ಮಲ್ಲಿಗೆಪುಟ
ಮಹಿಳೆಯರ ಬಗ್ಗೆ ಒಂದು ಮಾತೂ ಇಲ್ಲವಲ್ಲ ಇಲ್ಲಿ. ಗಂಡಸರ ಯುಎಸ್ ಸೀನಿಯರ್ ಓಪನ್ ಬಂದದ್ದು 1980ರಲ್ಲಿ. ಮಹಿಳೆಯರದು ಬಂದದ್ದು 2018ರಲ್ಲಿ. 38 ವರ್ಷದ ಅಂತರ! ಮೊದಲ ಸಲ ಶಿಕಾಗೊ ಗಾಲ್ಫ್ ಕ್ಲಬ್‌ನಲ್ಲಿ ನಡೆಯಿತು, ಲಾರಾ ಡೇವಿಸ್ ಹತ್ತು ಸ್ಟ್ರೋಕ್ ಅಂತರದಲ್ಲಿ ಗೆದ್ದರು. 50 ದಾಟಿದ ಹೆಂಗಸರಿಗೆ ಇನ್ನೂ ಗಂಡಸರಂಥ ಪೂರ್ಣ ವರ್ಷದ ದೊಡ್ಡ ಟೂರ್ ಇಲ್ಲ. ಲ್ಯಾಂಗರ್‌ಗೆ 18 ವರ್ಷದಲ್ಲಿ ಸಿಕ್ಕ ಅವಕಾಶ ಒಬ್ಬ ಆಟಗಾರ್ತಿಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ. ಈ ವಿಷಯಕ್ಕೆ ಬೇರೆ ಚರ್ಚೆ ತೆರೆಯಬೇಕು.

ಸಂಜೆಬಿಸಿಲು
ದಯವಿಟ್ಟು ತೆರೆಯಿರಿ. ನಾನೂ ಬರುತ್ತೇನೆ.

ಮುಂಗಾರು
ದೇಹ ಹೇಗೆ ತಡೆಯುತ್ತದೆ ಇಷ್ಟು ವರ್ಷ? ನನಗೆ ಅದೇ ಆಶ್ಚರ್ಯ.

ನಡುಗುವಕೈ
ತಡೆಯುವುದಿಲ್ಲ. ರಿಪೇರಿ ಮಾಡಿಕೊಳ್ಳುತ್ತಾರೆ. 2024ರ ಫೆಬ್ರವರಿಯಲ್ಲಿ ಲ್ಯಾಂಗರ್ ಪಿಕಲ್‌ಬಾಲ್ ಆಡುವಾಗ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದುಕೊಂಡರು. ಶಸ್ತ್ರಚಿಕಿತ್ಸೆ ಆಯಿತು. ಆ ವರ್ಷದ ಮಾಸ್ಟರ್ಸ್ ತಮ್ಮ ಕೊನೆಯದು ಎಂದಿದ್ದರು, ಅದೂ ತಪ್ಪಿತು. 66ನೇ ವಯಸ್ಸಿನಲ್ಲಿ ಅಕಿಲಿಸ್ ಹರಿದರೆ ಸಾಮಾನ್ಯವಾಗಿ ಆಟ ಮುಗಿಯಿತು. ಮೂರು ತಿಂಗಳಿಗೆ ಟೂರ್ನಿಗೆ ವಾಪಸ್. ಇಲ್ಲಿ ಕಾರ್ಟ್ ಇದ್ದದ್ದಕ್ಕೇ ಅಷ್ಟು ಬೇಗ ಬರಲು ಆಯಿತು ಅನ್ನಿ. ಕಾರ್ಟ್ ಬೈಯುವವರು ಇದನ್ನೂ ನೋಡಬೇಕು. ಅದೇ ವರ್ಷದ ನವೆಂಬರ್‌ನಲ್ಲಿ 47ನೇ ಗೆಲುವು.

2025ರ ಏಪ್ರಿಲ್‌ನಲ್ಲಿ ಕೊನೆಯ ಮಾಸ್ಟರ್ಸ್ ಆಡಿದರು. ಎರಡನೇ ದಿನ 15ನೇ ಹೋಲ್‌ನಲ್ಲಿ ಚೆಂಡು ನೀರಿಗೆ ಬಿತ್ತು. 18ರಲ್ಲಿ ಪಾರ್ (ನಿಗದಿತ ಹೊಡೆತ) ಉಳಿಸುವ ಪಟ್ ತಪ್ಪಿತು. ಒಂದೇ ಸ್ಟ್ರೋಕ್‌ನಿಂದ ಕಟ್ ಹೋಯಿತು. ಆ ಪಟ್ ಬಿದ್ದಿದ್ದರೆ ಅಲ್ಲಿ ಕಟ್ ದಾಟಿದ ಅತಿ ಹಿರಿಯ ಆಟಗಾರ ಆಗುತ್ತಿದ್ದರು. ಈಗ ಆ ದಾಖಲೆ ಫ್ರೆಡ್ ಕಪಲ್ಸ್ ಹೆಸರಲ್ಲಿದೆ, 2023ರದ್ದು, 63ನೇ ವಯಸ್ಸಿನಲ್ಲಿ.

ಗ್ರೀನ್‌ಫೀ
50 ದಾಟಿದವರ ಆಟ ಅಂದರೆ ನನಗೆ ಮೊದಲು ನೆನಪಾಗುವುದು 2009ರ ಟರ್ನ್‌ಬೆರಿ. ಟಾಮ್ ವಾಟ್ಸನ್‌ಗೆ 59. ಕೊನೆಯ ಹೋಲ್‌ನಲ್ಲಿ ಪಾರ್ ಮಾಡಿದ್ದರೆ ಆರನೇ ಬ್ರಿಟಿಷ್ ಓಪನ್. ಮಾಡಲಿಲ್ಲ, ಪ್ಲೇಆಫ್‌ನಲ್ಲಿ ಸ್ಟೂವರ್ಟ್ ಸಿಂಕ್ ಗೆದ್ದರು. ನಾನು ಆ ದಿನ ಊಟ ಬಿಟ್ಟು ಟಿವಿ ಮುಂದೆ ಕೂತಿದ್ದೆ.

ಕಿಯಾವಾ
ಫಿಲ್ ಮಿಕೆಲ್ಸನ್ ಮಾಡಿ ತೋರಿಸಿದರಲ್ಲ! 2021ರ ಪಿಜಿಎ ಚಾಂಪಿಯನ್‌ಶಿಪ್, ಅದೇ ಕಿಯಾವಾ ದ್ವೀಪದಲ್ಲಿ, 50 ವರ್ಷ 11 ತಿಂಗಳಿಗೆ. ಮೇಜರ್ ಗೆದ್ದ ಅತಿ ಹಿರಿಯರು. ಅದಕ್ಕೆ ಮುಂಚಿನ ದಾಖಲೆ ಬೋರೋಸ್ ಅವರದು, 1968ರಲ್ಲಿ, 48ನೇ ವಯಸ್ಸಿಗೆ. ಪಿಜಿಎ ಟೂರ್ ಗೆದ್ದ ಅತಿ ಹಿರಿಯರು ಸ್ಯಾಮ್ ಸ್ನೀಡ್, 1965ರಲ್ಲಿ, 52ಕ್ಕೆ.

ಬಂಕರ್‌ಬಂಧು
ಇದೇ ನಾನು ಹುಡುಕುತ್ತಿದ್ದ ಅಳತೆ. ಮಿಕೆಲ್ಸನ್ ಸೀನಿಯರ್ ಟೂರ್‌ನಲ್ಲಿ ಆಡಿದ ಮೊದಲ ಎರಡೂ ಟೂರ್ನಿ ಗೆದ್ದರು, 2020ರಲ್ಲಿ. ಮರುವರ್ಷ ನಿಜವಾದ ಮೇಜರ್ ಗೆದ್ದರು. ಅಂದರೆ ಸೀನಿಯರ್ ಟೂರ್‌ನ ಮೇಲಿನ ತುದಿ ಮತ್ತು ದೊಡ್ಡ ಟೂರ್‌ನ ನಡುವಿನ ಅಂತರ ನಾನು ಅಂದುಕೊಂಡಷ್ಟಿಲ್ಲ. ಆದರೆ ಅಂತರ ಇದೆ. ನನ್ನ ಮಾತು ಇಷ್ಟೇ: 47ನ್ನು 47 ಅಂತಲೇ ಬರೆಯಿರಿ, ಆದರೆ ಬೇರೆ ಸಾಲಿನಲ್ಲಿ ಬರೆಯಿರಿ. ಸ್ನೀಡ್ ಅವರ 82 ಪಿಜಿಎ ಟೂರ್ ಗೆಲುವಿನ ಪಕ್ಕ ಇಡಬೇಡಿ.

ಸಂಜೆಬಿಸಿಲು
ಬೇರೆ ಸಾಲು ಅಂದರೆ ನನಗೆ ಒಪ್ಪಿಗೆ. ಕೆಳಗಿನ ಸಾಲು ಅಂದರೆ ಒಪ್ಪಿಗೆ ಇಲ್ಲ. ನಮ್ಮ ಗೆಳೆಯರಿಗೆ ಈ ಚರ್ಚೆಯನ್ನೇ ಕಳಿಸುತ್ತೇನೆ.

ದೂರ್ವೆ
ಟೈಗರ್ ವುಡ್ಸ್ ಹುಟ್ಟಿದ್ದು 1975ರ ಡಿಸೆಂಬರ್ 30. ಲೆಕ್ಕ ಹಾಕಿ 😀 ಅವರು ಸೀನಿಯರ್ ಟೂರ್ ಆಡಿದರೆ ಲ್ಯಾಂಗರ್ ದಾಖಲೆ ಉಳಿಯುತ್ತದಾ?

ರೂಲ್‌ಬುಕ್
ವುಡ್ಸ್‌ಗೆ ಸ್ವಿಂಗ್‌ಗಿಂತ ನಡೆಯುವುದೇ ಕಷ್ಟ. 2021ರ ಫೆಬ್ರವರಿಯ ಕಾರು ಅಪಘಾತದಲ್ಲಿ ಬಲಗಾಲು ನುಜ್ಜುಗುಜ್ಜಾಯಿತು. ಸೀನಿಯರ್ ಟೂರ್‌ನಲ್ಲಿ ಕಾರ್ಟ್ ಇದೆ. ಆದರೆ 47 ಗೆಲ್ಲಬೇಕಾದರೆ ವರ್ಷಕ್ಕೆ 20ಕ್ಕೂ ಜಾಸ್ತಿ ಟೂರ್ನಿ, ಅದೂ ಹತ್ತು ಹದಿನೈದು ವರ್ಷ ಆಡಬೇಕು. ಅದನ್ನು ವುಡ್ಸ್ ಮಾಡುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಪ್ಯಾಡ್ರಿಗ್ ಹ್ಯಾರಿಂಗ್ಟನ್ 2025ರಲ್ಲಿ ಯುಎಸ್ ಸೀನಿಯರ್ ಓಪನ್, ಸೀನಿಯರ್ ಓಪನ್ ಎರಡೂ ಗೆದ್ದರು. ಅಷ್ಟು ಚೆನ್ನಾಗಿ ಆಡುವವರಿಗೂ 47 ತುಂಬ ದೂರ.

ಮಂಡೇಕ್ವಾಲಿ
ವುಡ್ಸ್ ಬಂದರೆ ಟಿವಿಯವರು ಬರುತ್ತಾರೆ, ಪ್ರಾಯೋಜಕರು ಬರುತ್ತಾರೆ, 1980ರಲ್ಲಿ ಪಾಮರ್ ಬಂದಾಗ ಆದ ಹಾಗೆ. ನನಗೆ ಬೇಕಿರುವುದು ಅಷ್ಟೇ. ಸೋಮವಾರದ ಸುತ್ತಿನಲ್ಲಿ ಇನ್ನೂ ನಾಲ್ಕು ಜಾಗ ಜಾಸ್ತಿ ಮಾಡಲಿ, ಇನ್ನೊಬ್ಬ ಆಲ್ಕರ್ ಒಳಗೆ ಬರಲಿ.